ಕೋಡ್ ಬ್ಲೂ ವೇಳೆಗೆ ಒದಗುವ ಗಾಡಿ: ವಿನ್ಯಾಸಕನಾಗಿ ನನ್ನ ಅನುಭವ

ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕಾಗಿ ನಮ್ಮ ಎಂಜಿನಿಯರುಗಳ ತಂಡ ಕ್ರ್ಯಾಶ್ ಕಾರ್ಟನ್ನು, ಅಂದರೆ ಕೋಡ್ ಬ್ಲೂ (ರೋಗಿಯ ಹೃದಯ ನಿಂತಾಗ ಆಸ್ಪತ್ರೆಯಲ್ಲಿ ಕೊಡುವ ತುರ್ತು ಕರೆ) ವೇಳೆ ಔಷಧ, ಉಪಕರಣಗಳನ್ನು ಹೊತ್ತು ತರುವ ಗಾಡಿಯನ್ನು, ರೋಬೋಟಾಗಿ ರೂಪಿಸುವ ಕೆಲಸವನ್ನು ಕೈಗೆತ್ತಿಕೊಂಡಾಗ, ರೋಗಿಗೆ ಮುಂದೇನು ಮಾಡಬೇಕೆಂದು ಯಂತ್ರವೇ ಸೂಚಿಸಬೇಕು ಎಂಬುದು ಹಲವರ ನಿರೀಕ್ಷೆಯಾಗಿತ್ತು. ನಾನು ಅದನ್ನು ಒಪ್ಪಲಿಲ್ಲ. ಹೃದಯಸ್ತಂಭನದ ಚಿಕಿತ್ಸೆಯ ಕ್ರಮ ತರಬೇತಾದ ವೈದ್ಯರಿಗೆ ಬಾಯಿಪಾಠವಿರುತ್ತದೆ. ಅವರ ಮೇಲೆ ನಿಜವಾಗಿ ಭಾರ ಬೀಳುವುದು ಕಾಲದ ಲೆಕ್ಕ ಇಡುವುದರಲ್ಲಿ ಮತ್ತು ಬೇಕಾದ ವಸ್ತು ತಕ್ಷಣ ಕೈಗೆ ಸಿಗುವುದರಲ್ಲಿ.

ಎದೆಯೊತ್ತುವಿಕೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ನಡೆಯುತ್ತಿರಬೇಕು, 2 ನಿಮಿಷಕ್ಕೊಮ್ಮೆ ಹೃದಯದ ಲಯವನ್ನು ನೋಡಬೇಕು, 3ರಿಂದ 5 ನಿಮಿಷಕ್ಕೊಮ್ಮೆ 1 ಮಿ.ಗ್ರಾಂ. ಅಡ್ರಿನಲಿನ್ ಕೊಡಬೇಕು. ಇವೆಲ್ಲ ಒಂದೇ ಕೋಣೆಯಲ್ಲಿ, ಏಕಕಾಲಕ್ಕೆ, ಹಲವರ ಧ್ವನಿಗಳ ನಡುವೆ ನಡೆಯುತ್ತವೆ. ಅಣಕು ಕಾರ್ಯಾಚರಣೆಗಳನ್ನು ಗಮನಿಸುತ್ತಿದ್ದಾಗ ನನ್ನ ಕಣ್ಣು ಹೆಚ್ಚಾಗಿ ನೆಟ್ಟಿದ್ದು ದಾಖಲೆ ಬರೆಯುವ ನರ್ಸಿನ ಮೇಲೆ, ಏಕೆಂದರೆ ‘ಹಿಂದಿನ ಡೋಸ್ ಕೊಟ್ಟು ಎಷ್ಟು ಹೊತ್ತಾಯಿತು?’ ಎಂಬ ಪ್ರಶ್ನೆ ಪ್ರತಿ ಬಾರಿಯೂ ಅವರತ್ತಲೇ ತಿರುಗುತ್ತಿತ್ತು.

ಆದ್ದರಿಂದ ಗಾಡಿಯ ಮೊದಲ ಕರ್ತವ್ಯ ಗಡಿಯಾರದ್ದಾಯಿತು. ಅಲ್ಲಿ ಒಂದು ಸೂಕ್ಷ್ಮವಿತ್ತು. ಡ್ರಾಯರ್ ತೆರೆದ ಕ್ಷಣವನ್ನು ಸಂವೇದಕ ಸುಲಭವಾಗಿ ಹಿಡಿಯುತ್ತದೆ. ಆದರೆ ಡ್ರಾಯರ್ ತೆರೆದ ಮಾತ್ರಕ್ಕೆ ಔಷಧ ರೋಗಿಯ ರಕ್ತನಾಳ ಸೇರಿತು ಎಂದಾಗುವುದಿಲ್ಲ. ಆಂಪ್ಯೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಒಡೆದು ಸಿರಿಂಜಿಗೆ ತುಂಬಿಕೊಳ್ಳುವಷ್ಟರಲ್ಲಿ ಲಯ ಮರಳಿ ವೈದ್ಯರು ಬೇಡವೆನ್ನಬಹುದು. ಮಾತನ್ನು ಗುರುತಿಸುವ ತಂತ್ರಾಂಶವನ್ನೂ ಪರಿಶೀಲಿಸಿದೆವು, ಆದರೆ ಮಾನಿಟರಿನ ಸದ್ದು ಮತ್ತು ಕನ್ನಡ, ಮಲಯಾಳಂ, ಇಂಗ್ಲಿಷ್ ಬೆರೆತ ಮಾತಿನ ನಡುವೆ ಅದನ್ನು ನೆಚ್ಚುವಂತಿರಲಿಲ್ಲ. ಕೊನೆಗೆ, ಕೊಟ್ಟವರು ‘ಕೊಟ್ಟಾಯಿತು’ ಎಂದು ಗಟ್ಟಿಯಾಗಿ ಹೇಳಿದ ಬಳಿಕ ದಾಖಲೆಯ ನರ್ಸ್ ಒತ್ತುವ ಒಂದು ದೊಡ್ಡ ಗುಂಡಿಯನ್ನು ಇಟ್ಟೆವು. ಗ್ಲೌಸ್ ತೊಟ್ಟ ಬೆರಳಿಗೂ ಅದು ತಪ್ಪದೆ ಸಿಗಬೇಕೆಂಬುದೊಂದೇ ನರ್ಸುಗಳ ಷರತ್ತಾಗಿತ್ತು. ಕೃತಕ ಬುದ್ಧಿಮತ್ತೆಯ ಊಹೆಗಿಂತ ಮನುಷ್ಯರ ದೃಢೀಕರಣಕ್ಕೆ ಬೆಲೆ ಕೊಟ್ಟ ಈ ತೀರ್ಮಾನವನ್ನು ನಾನು ಇಂದಿಗೂ ನಮ್ಮ ವಿನ್ಯಾಸದ ಅತಿ ಮುಖ್ಯ ಭಾಗವೆಂದು ಭಾವಿಸುತ್ತೇನೆ.

ಡ್ರಾಯರುಗಳಿಗೆ ದೀಪ ಅಳವಡಿಸಿದೆವು. ಅಡ್ರಿನಲಿನ್ ಮತ್ತು ಅಟ್ರೊಪಿನ್ ಎರಡೂ 1 ಮಿ.ಲೀ.ನ ಪುಟ್ಟ ಆಂಪ್ಯೂಲುಗಳಲ್ಲಿ ಬರುವುದರಿಂದ ಅವನ್ನು ದೂರದ ಖಾನೆಗಳಲ್ಲಿಟ್ಟು, ಆಯ್ದ ಔಷಧದ ಖಾನೆಯಷ್ಟೇ ಬೆಳಗುವಂತೆ ಮಾಡಿದೆವು. ಗಾಡಿ ತಾನಾಗಿ ಚಲಿಸುವುದನ್ನು ಮಾತ್ರ ಕೈಬಿಟ್ಟೆವು: ರೋಗಿಯ ಕಡೆಯವರು ನೆಲದ ಮೇಲೆಯೇ ಕುಳಿತಿರುವ ಕಾರಿಡಾರಿನಲ್ಲಿ, ತಳ್ಳುವವರಿಗೆ ಮೋಟಾರಿನ ನೆರವು ಸಿಕ್ಕರೆ ಸಾಕು.

ಕೃತಕ ಬುದ್ಧಿಮತ್ತೆಯನ್ನು ಬಳಸಿದ್ದು ಒಂದೇ ಕಡೆ. ಬಣ್ಣದ ಚಿತ್ರದ ಬದಲು ದೂರವನ್ನಷ್ಟೇ ಅಳೆಯುವ ಕ್ಯಾಮೆರಾದ ಮೂಲಕ, ಎದೆಯೊತ್ತುವಿಕೆ 10 ಸೆಕೆಂಡುಗಳಿಗಿಂತ ಹೆಚ್ಚು ನಿಂತರೆ ಅದು ಗುರುತಿಸುತ್ತದೆ. ರೋಗಿಯ ಮುಖ ಎಲ್ಲಿಯೂ ದಾಖಲಾಗುವುದಿಲ್ಲ. ಆಗಲೂ ಗಾಡಿ ಮಾತನಾಡುವುದಿಲ್ಲ, ಪರದೆಯ ಅಂಚು ಬಣ್ಣ ಬದಲಿಸುತ್ತದೆ ಅಷ್ಟೆ. ಎಚ್ಚರಿಕೆಗಳ ವಿಷಯದಲ್ಲಿ ನಾವು ಇಷ್ಟು ಬಿಗಿಯಾಗಿರಲು ಕಾರಣವಿದೆ. ಅಮೆರಿಕದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸೆಪ್ಸಿಸ್ (ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ) ಮುನ್ಸೂಚನೆಯ ತಂತ್ರಾಂಶವೊಂದನ್ನು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದು ದಾಖಲಾದವರಲ್ಲಿ ಶೇ. 18ರಷ್ಟು ಮಂದಿಯ ಬಗ್ಗೆ ಎಚ್ಚರಿಸಿಯೂ ಸೆಪ್ಸಿಸ್ ಇದ್ದ ಶೇ. 67ರಷ್ಟು ರೋಗಿಗಳನ್ನು ಗುರುತಿಸಿರಲಿಲ್ಲ. ಅಷ್ಟೊಂದು ಎಚ್ಚರಿಕೆಗಳ ನಡುವೆ ಕೆಲಸ ಮಾಡುವವರು ಕ್ರಮೇಣ ನಿಜವಾದ ಎಚ್ಚರಿಕೆಗೂ ಕಿವಿಗೊಡದಂತಾಗುತ್ತಾರೆ.

ಸದ್ಯ ನಾವು ತೊಡಗಿರುವುದು ಮಕ್ಕಳಿಗಾಗಿ ಪರದೆಯನ್ನು ಸಿದ್ಧಪಡಿಸುವುದರಲ್ಲಿ. ಮಗುವಿಗೆ ಅಡ್ರಿನಲಿನ್ ಕಿಲೋ ತೂಕಕ್ಕೆ 0.01 ಮಿ.ಗ್ರಾಂ.; 10 ಕಿಲೋದ ಮಗುವಿಗೆ 0.1 ಮಿ.ಗ್ರಾಂ., ಅಂದರೆ 1 ಮಿ.ಗ್ರಾಂ. ಇರುವ ಒಂದು ಆಂಪ್ಯೂಲನ್ನು 10 ಮಿ.ಲೀ.ಗೆ ತೆಳುಮಾಡಿ ಅದರಲ್ಲಿ 1 ಮಿ.ಲೀ. ದಶಮಾಂಶದ ಒಂದು ಚುಕ್ಕೆ ಜರುಗಿದರೂ ಪ್ರಮಾಣ ಹತ್ತು ಪಟ್ಟಾಗುತ್ತದೆ. ಹೀಗಾಗಿ ವೈದ್ಯರು ತೂಕವನ್ನು ನಮೂದಿಸಿದ ಕೂಡಲೇ ಮಿಲಿಗ್ರಾಮನ್ನೂ ಮಿಲಿಲೀಟರನ್ನೂ ಪರದೆ ಒಟ್ಟಿಗೆ ತೋರಿಸುತ್ತದೆ, ಮತ್ತು ಇನ್ನೊಬ್ಬರು ಅದನ್ನು ಓದಿ ಒಪ್ಪಿದ ಮೇಲಷ್ಟೇ ಖಾನೆಯ ದೀಪ ಹೊತ್ತಿಕೊಳ್ಳುತ್ತದೆ. ಈ ಎರಡನೆಯ ಒಪ್ಪಿಗೆಗೆ ಹಿಡಿಯುವ ಸಮಯವನ್ನು ಎಷ್ಟು ತಗ್ಗಿಸಬಹುದೆಂದು ಮಕ್ಕಳ ವಿಭಾಗದ ನರ್ಸುಗಳ ಜೊತೆ ಕುಳಿತು ಅಳೆಯುತ್ತಿದ್ದೇವೆ.