ಪ್ಯಾಚ್ ಹಾಕಿದ ಮೇಲೂ ಉಳಿಯುವ ಕಿಂಡಿ

ಗದಗಿನ ಪ್ರಿಂಟಿಂಗ್ ಪ್ರೆಸ್ಸು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಇಂಥವರ ವೆಬ್‌ಸೈಟನ್ನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುವವರು ಮೊದಲು ಹೆದರುವುದು ಸರ್ವರ್ ಸಾಫ್ಟ್‌ವೇರಿನ ಹಳೇ ವರ್ಶನ್ ನಂಬರಿಗೆ. ಉಬುಂಟು 22.04 ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ಬರುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಇವತ್ತಿಗೂ 1.18.0 ಅಂತಲೇ ತೋರಿಸುತ್ತದೆ. ಗಾಬರಿ ಬೇಡ, ಉಬುಂಟುದವರು ನಂಬರ್ ಹಾಗೇ ಇಟ್ಟು ಒಳಗಿಂದ ತೇಪೆ (ಪ್ಯಾಚ್) ಹಾಕುತ್ತಾರೆ. ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು ನಿಮಗೆ ಚಿಂತೆಯಿರುವ ದೋಷದ ಸಿವಿಇ ನಂಬರ್, ಅಂದರೆ ಅದರ ಗುರುತಿನ ಸಂಖ್ಯೆ, ಹುಡುಕಿ, ಅಲ್ಲಿದ್ದರೆ ಮುಗಿಯಿತು.

ನಂಬರ್ ನೋಡಲೇಬೇಕಾದವರು ಸೋರ್ಸ್ ಕೋಡ್ ಇಳಿಸಿ ತಾವೇ ಕಂಪೈಲ್ ಮಾಡಿಕೊಂಡವರು, ಅವರಿಗೆ ತೇಪೆ ಹಾಕಿಕೊಡುವವರಿಲ್ಲ. 2021ರ ಅಕ್ಟೋಬರಿನಲ್ಲಿ ಇನ್ನೊಂದು ವೆಬ್ ಸರ್ವರ್ ಅಪಾಚೆಯ 2.4.49ರಲ್ಲಿ ಫೋಲ್ಡರ್ ದಾಟಿ ಫೈಲ್ ಓದುವ ದಾರಿ ಸಿಕ್ಕಿತು. ಅದನ್ನು ಮುಚ್ಚಲು ಬಂದ 2.4.50 ಅರ್ಧಂಬರ್ಧ ಮುಚ್ಚಿತ್ತು, ಸರಿಯಾದದ್ದು 2.4.51ಕ್ಕೆ.

ಅಪ್‌ಡೇಟ್ ಆದ ಮೇಲೆ ಹೆಚ್ಚಿನವರು ಎಡವುವುದು ರೀಲೋಡ್‌ನಲ್ಲಿ, ಅಂದರೆ ಸರ್ವರ್ ನಿಲ್ಲಿಸದೆ ಕಾನ್ಫಿಗ್ ಮತ್ತೆ ಓದಿಸುವುದರಲ್ಲಿ. ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಹೊಸದಾದರೂ ಓಡುತ್ತಿರುವ ಎನ್‌ಜಿನ್‌ಎಕ್ಸ್‌ನ ಮಾಸ್ಟರ್ (ಮುಖ್ಯ) ಪ್ರೊಸೆಸ್ ಹಳೇ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ರೀಲೋಡ್ ಮಾಡಿದರೆ ಹುಟ್ಟುವ ವರ್ಕರ್‌ಗಳೂ ಅದರ ಮಕ್ಕಳೇ. ಪೂರ್ತಿ ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಯಾವ ಪ್ಯಾಚೂ ಮುಚ್ಚದ ಕಿಂಡಿ. ಪ್ರೆಸ್ಸಿನವರು ಗಿರಾಕಿಗೆ ಲಗ್ನಪತ್ರಿಕೆಯ ಪ್ರೂಫ್ ತೋರಿಸಲು ಒಂದು ಫೋಲ್ಡರ್ ತೆರೆದಿರುತ್ತಾರೆ. ಕಾನ್ಫಿಗ್‌ನಲ್ಲಿ ಲೊಕೇಶನ್ (ಬ್ರೌಸರಿನಲ್ಲಿ ಕೇಳುವ ವಿಳಾಸ) ‘/ಪ್ರೂಫ್’, ಅಲಿಯಾಸ್ (ಸರ್ವರ್ ಒಳಗಿನ ನಿಜವಾದ ಫೋಲ್ಡರ್) ‘/ಡೇಟಾ/ಪ್ರೂಫ್/’. ಮೊದಲನೆಯದರ ಕೊನೆಗೆ ಸ್ಲಾಶ್ ಇಲ್ಲ, ನೋಡಿ. ಯಾರಾದರೂ ‘/ಪ್ರೂಫ್../ಬ್ಯಾಕಪ್’ ಎಂದು ಕೇಳಿದರೆ ಎನ್‌ಜಿನ್‌ಎಕ್ಸ್ ‘/ಪ್ರೂಫ್’ ಅನ್ನು ಕತ್ತರಿಸಿ, ಉಳಿದ ‘../ಬ್ಯಾಕಪ್’ ಅನ್ನು ಅಲಿಯಾಸ್‌ಗೆ ಅಂಟಿಸುತ್ತದೆ. ಎರಡು ಚುಕ್ಕಿ ಎಂದರೆ ಮೇಲಿನ ಫೋಲ್ಡರಿಗೆ ಹೋಗು ಎಂದರ್ಥ. ಒಂದು ಮೆಟ್ಟಿಲು ಮೇಲಿನ ಫೋಲ್ಡರ್ ಬಯಲಾಗುತ್ತದೆ, ಡೇಟಾಬೇಸ್ ಬ್ಯಾಕಪ್ ಇಡುವುದೂ ಸಾಮಾನ್ಯವಾಗಿ ಅಲ್ಲೇ.

ನಿಮ್ಮದೇ ಸರ್ವರ್ ಮೇಲೆ ಪರೀಕ್ಷಿಸಿ. ಮೇಲಿನ ಫೋಲ್ಡರ್‌ನಲ್ಲಿ ಖಾಲಿ ಅಲ್ಲದ ಒಂದು ಪಠ್ಯ ಫೈಲ್ ಇಟ್ಟು, ಬ್ರೌಸರಿನಲ್ಲಿ ‘/ಪ್ರೂಫ್../’ ಮುಂದೆ ಆ ಫೈಲಿನ ಹೆಸರು ಸೇರಿಸಿ ವಿಳಾಸ ಹೊಡೆಯಿರಿ. ಫೈಲ್ ತೆರೆದುಕೊಂಡರೆ ಲೊಕೇಶನ್ ಅನ್ನು ‘/ಪ್ರೂಫ್/’ ಮಾಡಿ, ಎನ್‌ಜಿನ್‌ಎಕ್ಸ್‌ನ ಟೆಸ್ಟ್ ಆಯ್ಕೆಯಿಂದ ಕಾನ್ಫಿಗ್ ತಪ್ಪಿಲ್ಲವೆಂದು ನೋಡಿ, ರೀಲೋಡ್ ಮಾಡಿ. ಬದಲಾಗಿದ್ದು ಕಾನ್ಫಿಗ್ ಮಾತ್ರ, ಹಾಗಾಗಿ ಇಲ್ಲಿ ರೀಲೋಡ್ ಸಾಕು. ಮತ್ತೆ ಹೊಡೆದಾಗ 404 (ಫೈಲ್ ಸಿಗಲಿಲ್ಲ) ಬರಬೇಕು. ಬ್ಯಾಕಪ್ಪನ್ನೂ ಅಲ್ಲಿಂದ ಎತ್ತಿ ಬೇರೆ ಕಡೆ ಇಡಿ.

ಆಮೇಲೆ ಆಕ್ಸೆಸ್ ಲಾಗ್‌ನಲ್ಲಿ, ಅಂದರೆ ಯಾರು ಏನು ಕೇಳಿದರೆಂಬ ದಾಖಲೆಯಲ್ಲಿ, ‘ಪ್ರೂಫ್..’ ಹುಡುಕಿ. ನಿಮ್ಮ ಪರೀಕ್ಷೆಯ ಸಾಲು ಬಿಟ್ಟು ಬೇರೆಯದರ ಎದುರಿಗೆ 200 (ಕೇಳಿದ್ದನ್ನು ಕೊಟ್ಟಾಯಿತು) ಇದ್ದರೆ ಫೈಲ್ ಹೊರಗೆ ಹೋಗಿದೆ ಎಂದೇ ಲೆಕ್ಕ, ಡೇಟಾಬೇಸ್ ಪಾಸ್‌ವರ್ಡ್ ಅವತ್ತೇ ಬದಲಿಸಿ. ಉಬುಂಟು ಈ ಲಾಗುಗಳನ್ನು ದಿನಕ್ಕೊಂದರಂತೆ 14 ಮಾತ್ರ ಉಳಿಸುತ್ತದೆ, ಹಾಗಾಗಿ ಹುಡುಕುವ ಕೆಲಸ ಮುಂದಿನ ವಾರಕ್ಕೆ ಹಾಕಬೇಡಿ.