ತಾಳೆ ಹಾಕುವ ಮೊದಲು ಬೋರ್‌ವೆಲ್ ನೋಡಿ

ಪಾಮ್ ಎಣ್ಣೆ ಕೊಡುವ ಎಣ್ಣೆ ತಾಳೆ ಹಾಕುತ್ತೇನೆ ಅಂತ ಬಂದವರಿಗೆ ನಾನು ಮೊದಲು ಕೇಳುವುದು ಬೇಸಿಗೆಯ ನೀರಿನ ಲೆಕ್ಕ. ಬೆಳೆದ ಮರಕ್ಕೆ ದಿನಕ್ಕೆ 150ರಿಂದ 200 ಲೀಟರ್ ಬೇಕು, ಬಿರುಬಿಸಿಲಲ್ಲಿ ಇನ್ನೂ ಜಾಸ್ತಿ. ಒಂಬತ್ತು ಮೀಟರ್ ಅಂತರದ ತ್ರಿಕೋನದಲ್ಲಿ ನೆಟ್ಟರೆ ಹೆಕ್ಟೇರಿಗೆ 143 ಮರ. ಅಂದರೆ ದಿನಕ್ಕೆ 20 ಸಾವಿರ ಲೀಟರ್ ದಾಟಿತು. ನಮ್ಮದು ಭದ್ರಾ ಅಚ್ಚುಕಟ್ಟು. ಇಲ್ಲೂ ನಾಲೆ ನಿಂತ ಮೇಲೆ ಬೋರ್‌ವೆಲ್ಲೇ ಗತಿ. ಭತ್ತವೋ ಕಬ್ಬೋ ಈಗಾಗಲೇ ನೀರು ಕುಡಿಯುತ್ತಿರುವ ಹೊಲವಿದ್ದರೆ ಅದಕ್ಕೆ ಹಾಕಿ. ರಾಗಿ, ಜೋಳದ ಒಣಭೂಮಿಗೆ ಹೊಸದಾಗಿ ಬೋರ್ ಕೊರೆಸಿ ಹಾಕುವುದು ಬೇಡ.

ಕೇಂದ್ರ ಸರ್ಕಾರ 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಮಿಷನ್ ತಂದಿತು. ಹೆಕ್ಟೇರಿಗೆ 12,000 ಇದ್ದ ಸಸಿಯ ಸಹಾಯಧನ 29,000ಕ್ಕೆ ಏರಿತು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ. ಹನಿ ನೀರಾವರಿಯನ್ನೂ ಅಲ್ಲೇ ಕೇಳಿ. ಇಂಡೋನೇಷ್ಯಾದಲ್ಲಿ ತಾಳೆಗಾಗಿ ಕಾಡು ಕಡಿದ ಕಥೆ ಗೊತ್ತಲ್ವಾ? ನಾವು ಬದುವಿನ ಹೊಂಗೆ, ಹಲಸನ್ನಾದರೂ ಉಳಿಸೋಣ.

ಮೊದಲ ನಾಲ್ಕು ವರ್ಷ ಫಸಲಿನ ಆಸೆ ಇಟ್ಟುಕೊಳ್ಳಬೇಡಿ. ಮಿಷನ್ ಈ ಅವಧಿಗೆ ನಿರ್ವಹಣೆಗೆ ಮತ್ತು ಅಂತರಬೆಳೆಗೆ ವರ್ಷಕ್ಕೆ ಹೆಕ್ಟೇರಿಗೆ ತಲಾ 5,250 ರೂಪಾಯಿ ಕೊಡುತ್ತದೆ. ಸಾಲಿನ ನಡುವೆ ಅಲಸಂದೆ, ಉದ್ದು ಬಿತ್ತಿ; ಮಣ್ಣಿಗೂ ಒಳ್ಳೆಯದು. ಜಾಗ ಸಾಲದು ಅಂತ ಹಸಿ ಗರಿ ಕಡಿಯುವವರಿದ್ದಾರೆ, ಗರಿಗಳನ್ನು ಮೇಲೆತ್ತಿ ಕಟ್ಟುವವರೂ ಇದ್ದಾರೆ. ಎರಡೂ ತಪ್ಪು. ಬಿಸಿಲು ತಿನ್ನದ ಗರಿ ಗೊನೆ ಕೊಡುವುದಿಲ್ಲ.

ಒಣಗಿದ ಗರಿಗೆ ಬೆಂಕಿ ಹಾಕುವುದನ್ನು ಕಂಡರೆ ನನಗೆ ಕೋಪವೇ ಬರುತ್ತದೆ. ಪುಕ್ಕಟೆ ಗೊಬ್ಬರ ಸುಟ್ಟು ಅಂಗಡಿಯಿಂದ ಪೊಟ್ಯಾಷ್ ತರುತ್ತಾರೆ! ಗರಿಯನ್ನು ತುಂಡು ಮಾಡಿ ಸಾಲಿನ ನಡುವೆ ಹರಡಿ. ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಎರೆಹುಳು ಬರುತ್ತದೆ.

ಹೂ ಬಿಟ್ಟಾಗ ಸುಮ್ನೆ ಕೀಟನಾಶಕ ಹೊಡೆಯಬೇಡಿ. ಗಂಡು ಹೂವಿನ ಮೇಲೆ ಓಡಾಡುವ ಪುಟ್ಟ ಮೂತಿಹುಳುವೇ ಪರಾಗ ಹೊತ್ತೊಯ್ಯುವುದು. ಅದು ಸತ್ತರೆ ಗೊನೆಯಲ್ಲಿ ಕಾಯಿ ಕಟ್ಟುವುದಿಲ್ಲ.

ಗೊನೆಯಿಂದ ಐದಾರು ಹಣ್ಣು ತಾವಾಗಿ ಉದುರಿದರೆ ಕೊಯ್ಲಿಗೆ ಬಂತು ಅಂತ ಅರ್ಥ. ಕೊಯ್ದ 24 ಗಂಟೆಯೊಳಗೆ ಗಿರಣಿ ಸೇರಬೇಕು, ತಡವಾದರೆ ಎಣ್ಣೆ ಹುಳಿಯಾಗುತ್ತದೆ. ಹಾಗಾಗಿ ಸಸಿ ನೆಡುವ ಮೊದಲೇ ನಿಮ್ಮ ಕಡೆ ಗೊನೆ ಕೊಳ್ಳುವ ಕಂಪನಿಯ ಸಂಗ್ರಹ ಕೇಂದ್ರ ಎಲ್ಲಿದೆ, ಗಾಡಿ ಯಾವ ದಿನ ಬರುತ್ತದೆ ಕೇಳಿಕೊಳ್ಳಿ.