ವಿಜ್ಞಾನವನ್ನು ನಂಬಿ ಮಡಿಯುವ ವೀರರ ನಾಟಕ ಬರೆಯುವ ಬಗೆ

ಮತ್ತೆ ಬದುಕಿಸುವ ವಿಜ್ಞಾನವನ್ನು ನಂಬಿ ಪ್ರಾಣ ಕೊಡುವ ಯೋಧರ ಕುರಿತು ಮುಂಬಯಿಯ ಕನ್ನಡ ರಂಗಕ್ಕೆ ಏಕಾಂಕ ಬರೆಯುವವರು ಮೊದಲು ಬೊರಿವಲಿಯ ಎಕ್ಸರ್‌ಗೆ ಹೋಗಿ, ಅಲ್ಲಿನ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಸಾಲು ಹುಟ್ಟುಗಳ ಹಡಗುಗಳ ಕಾಳಗ, ತುದಿಯಲ್ಲಿ ಕೈಲಾಸ. ಆ ಕೈಲಾಸದ ಜಾಗದಲ್ಲಿ, ಮುಂದೊಂದು ದಿನ ಬದುಕಿಸುವ ಆಸೆಯಿಂದ ಮೃತದೇಹವನ್ನು ಕೆಡದಂತೆ ಶೈತ್ಯೀಕರಿಸಿ ಇಡುವ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದ ತೊಟ್ಟಿಯನ್ನು ಇಡಿರಿ. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಕೋಶಗಳು ಸಾಯತೊಡಗುವುದರಿಂದ, ಮಡಿದವನನ್ನು ಹೆಗಲಿಗೇರಿಸಿಕೊಂಡು ಆ ತೊಟ್ಟಿಯತ್ತ ಓಡುವ ಸಂಗಾತಿಯೇ ಮುಖ್ಯ ಪಾತ್ರವಾಗಲಿ. ಅರ್ಧ ನಾಟಕ ಆ ಓಟಕ್ಕೇ ಮೀಸಲಿರಲಿ. ಪ್ರಯೋಗಾಲಯದ ದೃಶ್ಯ ಚಿಕ್ಕದಿದ್ದಷ್ಟೂ ಒಳ್ಳೆಯದು, ಹೊಗೆಯಂತ್ರದ ಬಾಡಿಗೆಯೂ ಉಳಿಯುತ್ತದೆ. 1967ರಲ್ಲಿ ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಅವರ ದೇಹವನ್ನು ಹೀಗೆ ಶೈತ್ಯೀಕರಿಸಿ ಇಟ್ಟ ಬಳಿಕ ಇಂದಿನವರೆಗೆ ಯಾರೊಬ್ಬರೂ ಎದ್ದು ಬಂದಿಲ್ಲ. ಈ ಸಂಗತಿಯನ್ನು ಮುಚ್ಚಿಡದೆ, ಯುದ್ಧಕ್ಕೆ ಹೊರಡುವ ಮುನ್ನವೇ ಯೋಧರ ಬಾಯಿಂದ ಆಡಿಸಿರಿ.